ನೆಗಡಿಗೆ ಮನೆಯ ಉಪಚಾರ

"ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಬುಗುಡಿಯು ಬಹುಮಟ್ಟಿಗೆ ಅಜ್ಜಿಯರ ಪೆಟ್ಟಿಗೆಯನ್ನು ಸೇರಿತು. ನೆಗಡಿಯು ಮಾತ್ರ ನಮ್ಮ ಮನೆಗಳನ್ನು ಬಿಟ್ಟುಹೋಗಲಿಲ್ಲ. ಅದು ಸಾಮಾನ್ಯವಾಗಿ ಪ್ರಾಣಾಪಾಯದ ವ್ಯಾಧಿಯಲ್ಲವೆಂಬುದು ನಿಜ. ಆದರೂ ಮೂಗು ಕಟ್ಟಿ, ತಲೆ ಭಾರವಾಗಿ, ಊಟ ರುಚಿಸದೆ, ನಿದ್ರೆ ಬಾರದೆ ಹೊರಳಾಡುವ ರಾತ್ರಿಯಲ್ಲಿ ಇದಕ್ಕಿಂತ ದೊಡ್ಡ ಕಷ್ಟವಿಲ್ಲವೆಂದೇ ನಮಗೆ ತೋರುವುದು. ಈ ಕಷ್ಟವನ್ನು ಮನೆಯಲ್ಲಿಯೇ ಎಷ್ಟರಮಟ್ಟಿಗೆ ಹಗುರ ಮಾಡಿಕೊಳ್ಳಬಹುದು, ಎಲ್ಲಿ ನಮ್ಮ ಉಪಚಾರವೇ ಅಪಕಾರವಾದೀತು ಎಂಬ ಎರಡು ವಿಷಯಗಳನ್ನು ಈ ಹೊತ್ತು ವಿಚಾರ ಮಾಡೋಣ.

ನೆಗಡಿಗೆ ಕಾರಣವಾದ ವೈರಸ್ಸುಗಳು ಇನ್ನೂರಕ್ಕೂ ಹೆಚ್ಚು ಬಗೆಯವು; ಅವುಗಳಲ್ಲಿ ರೈನೋವೈರಸ್ ಎಂಬ ಗುಂಪಿನದೇ ಮುಖ್ಯ ಪಾತ್ರ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ನೆಗಡಿಯ ಸಂಶೋಧನೆಗೆಂದೇ ಒಂದು ಸಂಸ್ಥೆಯನ್ನು ತೆರೆದು, ಸ್ವಯಂಸೇವಕರ ಮೂಗಿಗೆ ಬೇಕೆಂದೇ ರೋಗವನ್ನು ಅಂಟಿಸಿ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಪರೀಕ್ಷೆಗಳನ್ನು ನಡೆಸಿದರು. ಇದರಿಂದ ತಿಳಿವಳಿಕೆ ಬಹಳ ಬೆಳೆಯಿತಾದರೂ ನೆಗಡಿಯನ್ನು ನಿರ್ಮೂಲ ಮಾಡುವ ಔಷಧವು ದೊರೆಯಲಿಲ್ಲ. ಈ ದಿನದವರೆಗೂ ದೊರೆತಿಲ್ಲ. ರೋಗವನ್ನು ನೀಗುವುದು ನಮ್ಮ ದೇಹವೇ. ಮೂಗು ಕಟ್ಟುವುದು, ನೀರು ಸುರಿಯುವುದು, ಗಂಟಲು ಕೆರೆಯುವುದು ಇವೆಲ್ಲ ಬಹುಪಾಲು ಆ ಹೋರಾಟದ ಲಕ್ಷಣಗಳು. ಸಾಧಾರಣವಾಗಿ ಏಳರಿಂದ ಹತ್ತು ದಿನಗಳಲ್ಲಿ ಅವು ಇಳಿಯುತ್ತವೆ. ಕೆಮ್ಮು ಮಾತ್ರ ಎರಡು ಮೂರು ವಾರ ಉಳಿಯುವುದುಂಟು. ಆದಕಾರಣ ಮನೆಯ ಉಪಚಾರದ ಉದ್ದೇಶವು ರೋಗಿಗೆ ಆ ದಿನಗಳನ್ನು ಸುಖವಾಗಿ ಕಳೆಯುವಂತೆ ಮಾಡುವುದೇ ಹೊರತು ರೋಗವನ್ನು ಓಡಿಸುವುದಲ್ಲ.

ಮೊದಲನೆಯದು ವಿಶ್ರಾಂತಿ. ಎರಡನೆಯದು ಧಾರಾಳವಾಗಿ ದ್ರವಾಹಾರ: ಬಿಸಿನೀರು, ತೆಳುವಾದ ಗಂಜಿ, ಮೆಣಸಿನ ಸಾರು, ಶುಂಠಿ ತುಳಸಿಗಳ ಕಷಾಯ. ಇವನ್ನು ಅಜ್ಜಿಯ ಭ್ರಮೆಯೆಂದು ತಳ್ಳಿಹಾಕಲಾಗದು. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಸಂಶೋಧಕರು ನೆಗಡಿಯಾದವರಿಗೆ ಹಣ್ಣಿನ ಪಾನೀಯವನ್ನು ಬಿಸಿಯಾಗಿ ಕೊಟ್ಟು ಪರೀಕ್ಷಿಸಿದರು. ಮೂಗಿನೊಳಗಿನ ಗಾಳಿಯ ಹರಿವು ಅಳತೆಯಲ್ಲಿ ಹೆಚ್ಚಲಿಲ್ಲ. ಆದರೆ ಸೀನು, ಕೆಮ್ಮು, ಗಂಟಲು ನೋವು, ಆಯಾಸಗಳು ತತ್‌ಕ್ಷಣವೇ ಕಡಿಮೆಯಾದುವೆಂದು ಕುಡಿದವರು ತಿಳಿಸಿದರು. ರೋಗಿಗೆ ಬೇಕಾದದ್ದೂ ಅದೇ ಅಲ್ಲವೇ?

ಗಂಟಲು ನೋವಿಗೆ ಒಂದು ಲೋಟ ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ಟೀ ಚಮಚ ಉಪ್ಪನ್ನು ಕದಡಿ ಬಾಯಿ ಮುಕ್ಕಳಿಸಬಹುದು. ರಾತ್ರಿಯ ಕೆಮ್ಮಿಗೆ ಮಲಗುವ ಮುನ್ನ ಒಂದು ಚಮಚ ಜೇನುತುಪ್ಪವು ಹಿತಕರ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೇಬಾರದು. ಅದರಲ್ಲಿ ಅಡಗಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲವು. ಅಂತೆಯೇ ಕೂಸಿನ ಮೂಗಿಗೆ ಎಣ್ಣೆ ಬಿಡುವ ಹಳೆಯ ರೂಢಿಯನ್ನೂ ಕೈಬಿಡಬೇಕು. ಆ ಎಣ್ಣೆಯು ಶ್ವಾಸಕೋಶಕ್ಕೆ ಇಳಿದರೆ ಉರಿಯೂತಕ್ಕೆ ಕಾರಣವಾಗುವುದು. ಮೂಗು ಕಟ್ಟಿದ ಕೂಸಿಗೆ ಔಷಧದಂಗಡಿಯಲ್ಲಿ ದೊರೆಯುವ ಉಪ್ಪುನೀರಿನ ಹನಿಗಳು ಸಾಕು.

ಇನ್ನು ಹಬೆಯ ವಿಷಯ. ಕುದಿಯುವ ನೀರಿನ ಪಾತ್ರೆಯನ್ನು ಹಾಸಿಗೆಯ ಮೇಲೋ ಮಡಿಲ ಬಳಿಯೋ ಇಟ್ಟು, ತಲೆಗೆ ಕಂಬಳಿ ಮುಚ್ಚಿ, ಅದರೊಳಗೆ ಮಗುವನ್ನು ಕುಳ್ಳಿರಿಸುವ ತಾಯಂದಿರನ್ನು ನಾವೆಲ್ಲರೂ ಕಂಡಿದ್ದೇವೆ. ಮಗು ಒಮ್ಮೆ ಕೊಸರಿಕೊಂಡರೆ ಸಾಕು, ಪಾತ್ರೆ ಮಗುಚಿ ತೊಡೆ ಹೊಟ್ಟೆಗಳು ಬೆಂದುಹೋಗುವುವು. ವಾರದಲ್ಲಿ ತಾನಾಗಿ ಹೋಗುತ್ತಿದ್ದ ನೆಗಡಿಗಾಗಿ ಜೀವಮಾನದ ಕಲೆಯನ್ನು ತಂದುಕೊಂಡಂತಾಯಿತು. ಹಬೆಯಿಂದ ನೆಗಡಿ ಬೇಗ ಗುಣವಾಗುವುದೆಂಬುದಕ್ಕೆ ದೃಢವಾದ ಪ್ರಮಾಣವೂ ಇಲ್ಲ. ಆದುದರಿಂದ ಮಕ್ಕಳಿಗೆ ಈ ಉಪಚಾರವೇ ಬೇಡ. ಒಂದು ವೇಳೆ ಮೈ ಸುಟ್ಟರೆ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಯಬಿಟ್ಟು ವೈದ್ಯರಲ್ಲಿಗೆ ಒಯ್ಯಬೇಕು. ಶಾಯಿಯನ್ನಾಗಲಿ ಹಲ್ಲುಜ್ಜುವ ಪೇಸ್ಟನ್ನಾಗಲಿ ಹಚ್ಚಕೂಡದು.

ಔಷಧಗಳಲ್ಲಿಯೂ ಮಿತಿಯುಂಟು. ಮೈಕೈ ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಅದನ್ನು ತೂಕಕ್ಕೆ ತಕ್ಕಂತೆ ವೈದ್ಯರು ಹೇಳಿದ ಅಳತೆಯಲ್ಲಿ ಕೊಡಬೇಕು, ಆಸ್ಪಿರಿನ್ ಕೊಡಬಾರದು. ಮೂಗಿನ ಕಟ್ಟು ಬಿಡಿಸುವ ಔಷಧದ ಹನಿಗಳನ್ನು ಕೆಲವೇ ದಿನಗಳ ಮೇಲೆ ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚಾಗಿ ಕಟ್ಟುವುದು. ನೆಗಡಿಗೆ ಬಳಕೆಯಲ್ಲಿದ್ದ ಕ್ಲೋರ್‌ಫೆನಿರಮಿನ್ ಮತ್ತು ಫೆನಿಲೆಫ್ರಿನ್‌ಗಳ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಎಚ್ಚರಿಸಿದರು.

ಆಂಟಿಬಯಾಟಿಕ್ಕುಗಳಂತೂ ಬ್ಯಾಕ್ಟೀರಿಯಾಗಳ ಮೇಲೆ ಬಾಣಗಳೇ ಹೊರತು ವೈರಸ್ಸಿನ ಮೇಲೆ ನಡೆಯವು. ಸಿಂಬಳವು ಹಳದಿ ಹಸಿರುಗಳಿಗೆ ತಿರುಗಿದ ಮಾತ್ರಕ್ಕೆ ಅವು ಬೇಕೆಂದಲ್ಲ. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗರೇ 1945ರ ತಮ್ಮ ನೊಬೆಲ್ ಭಾಷಣದಲ್ಲಿ, ತಿಳಿಯದವರು ಅದನ್ನು ಅರೆಪ್ರಮಾಣದಲ್ಲಿ ನುಂಗಿದರೆ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುವುವೆಂದು ಎಚ್ಚರ ಹೇಳಿದ್ದರು. ಇಂದು ನೆಗಡಿಗೆಂದು ಅಂಗಡಿಯಿಂದ ತಂದು ನುಂಗಿದ ಮಾತ್ರೆಯು ನಾಳೆ ನ್ಯುಮೋನಿಯಾದಲ್ಲಿ ಕೈಕೊಟ್ಟೀತು.

ಹಾಗೆಂದು ಎಲ್ಲವನ್ನೂ ನೆಗಡಿಯೆಂದು ಉದಾಸೀನ ಮಾಡಲಾಗದು. ಉಸಿರಾಟಕ್ಕೆ ಕಷ್ಟವಾದರೆ, ಎದೆ ನೋವು ಬಂದರೆ, ಜ್ವರವು ಮೂರು ದಿನ ದಾಟಿದರೆ, ಕಿವಿ ನೋವು ಬಲವಾದರೆ, ಇಳಿಮುಖವಾದ ರೋಗವು ಮರಳಿ ಉಲ್ಬಣಿಸಿದರೆ ವೈದ್ಯರನ್ನು ಕಾಣಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಅಥವಾ ಯಾವ ಕೂಸಾದರೂ ಪಕ್ಕೆ ಸೆಳೆಯುತ್ತ ಹಾಲು ಕುಡಿಯದೆ ಹೋದರೆ ಒಂದು ಗಳಿಗೆಯೂ ತಡಮಾಡಕೂಡದು. ಉಬ್ಬಸ, ಹೃದ್ರೋಗ ಉಳ್ಳವರೂ ವೃದ್ಧರೂ ಬೇಗ ಎಚ್ಚರಗೊಳ್ಳಬೇಕು.

ಉಳಿದ ನಮ್ಮಂಥವರು ಸೀನುವಾಗ ಮೂಗಿಗೆ ವಸ್ತ್ರ ಹಿಡಿದು, ಕೈಯನ್ನು ಸಾಬೂನಿನಿಂದ ತೊಳೆಯುತ್ತ, ಎರಡು ದಿನ ಮನೆಯಲ್ಲಿದ್ದು, ಬಿಸಿ ಸಾರನ್ನು ಕುಡಿದು ಬೆಚ್ಚಗೆ ಮಲಗೋಣ. ಹಾಗೆ ಮಾಡಿದರೆ ನೆರೆಯವರಿಗೂ ನಮ್ಮಿಂದ ಉಪಕಾರವಾಗುವುದು.