ಅಗ್ಗದ ಟೀ ಯಾಕೆ ಬೇಡವಾಯ್ತು?

ಟೀ ದುಬಾರಿಯಾಯ್ತು, ಅದಕ್ಕೇ ಅಮೆರಿಕದವರು ಬ್ರಿಟಿಷರ ವಿರುದ್ಧ ತಿರುಗಿಬಿದ್ದರು ಅಂತ ಒಮ್ಮೆ ಲೈವ್‌ನಲ್ಲಿ ನಾನೇ ಹೇಳಿಬಿಟ್ಟಿದ್ದೆ. ತಪ್ಪು. ಆಮೇಲೆ ಓದಿದಾಗ ಗೊತ್ತಾಯ್ತು, ಕಥೆ ಪೂರ್ತಿ ಉಲ್ಟಾ. 1773ರ ಟೀ ಕಾಯ್ದೆಯಿಂದ ಟೀ ಅಗ್ಗವಾಗುತ್ತಿತ್ತು! ಆ ಅಗ್ಗದ ಟೀಯನ್ನೇ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ನೀರಿಗೆ ಸುರಿದರು. ಒಂದೆರಡಲ್ಲ, 342 ಪೆಟ್ಟಿಗೆ.

ಯಾಕೆ? ಸ್ವಲ್ಪ ಹಿಂದಕ್ಕೆ ಹೋಗೋಣ. ಫ್ರಾನ್ಸ್ ವಿರುದ್ಧದ ಏಳು ವರ್ಷಗಳ ಯುದ್ಧವನ್ನು ಬ್ರಿಟನ್ 1763ರಲ್ಲಿ ಗೆದ್ದು ಮುಗಿಸಿತು. ಗೆದ್ದದ್ದೇನೋ ಸರಿ, ಮೈತುಂಬಾ ಸಾಲ. ಅಮೆರಿಕದಲ್ಲಿರುವ ಸೈನ್ಯದ ಖರ್ಚಿಗೆ ಅಲ್ಲಿಯವರೂ ಒಂದು ಪಾಲು ಕೊಡಲಿ ಎಂದಿತು ಲಂಡನ್. 1765ರಲ್ಲಿ ಸ್ಟಾಂಪ್ ಕಾಯ್ದೆ ಬಂತು. ಪತ್ರಿಕೆ, ಕೋರ್ಟ್ ಕಾಗದ, ಕೊನೆಗೆ ಇಸ್ಪೀಟ್ ಎಲೆಗೂ ತೆರಿಗೆ. ವಸಾಹತುಗಳಿಗೆ ತಮ್ಮದೇ ಚುನಾಯಿತ ಸಭೆಗಳಿದ್ದವು. ಬ್ರಿಟಿಷ್ ಸಂಸತ್ತಿನಲ್ಲಿ ಮಾತ್ರ ಅವರ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಹಾಗಿದ್ದ ಮೇಲೆ ನಮ್ಮ ಜೇಬಿಗೆ ಕೈ ಹಾಕೋಕೆ ನೀವ್ಯಾರು ಅಂದರು. ಮರುವರ್ಷ ಕಾಯ್ದೆ ರದ್ದಾಯಿತು. ಆದರೆ ನೋಡಿ, ಅದರ ಜೊತೆಗೇ ಇನ್ನೊಂದು ಕಾಯ್ದೆ ಬಂತು: ಯಾವ ವಿಷಯದಲ್ಲಾದರೂ ನಿಮಗೆ ಕಾನೂನು ಮಾಡುವ ಹಕ್ಕು ನಮಗಿದೆ ಅಂತ! ನನ್ನ ಪ್ರಕಾರ ಜಗಳದ ಬೇರು ಇರೋದು ಇಲ್ಲೇ.

ಆಮೇಲೆ ಬಂದ ಗಾಜು, ಕಾಗದ, ಬಣ್ಣದ ಸುಂಕಗಳನ್ನೂ 1770ರಲ್ಲಿ ತೆಗೆದರು. ಟೀ ಮೇಲಿನದ್ದನ್ನು ಮಾತ್ರ ಉಳಿಸಿಕೊಂಡರು. ಪೌಂಡ್ ತೂಕಕ್ಕೆ ಮೂರು ಪೆನ್ಸ್, ಅಷ್ಟೇ. ಅದು ದುಡ್ಡಿಗಿಂತ ಹೆಚ್ಚಾಗಿ ಹಕ್ಕಿನ ಗುರುತು. ಅಷ್ಟರಲ್ಲಿ ಈಸ್ಟ್ ಇಂಡಿಯಾ ಕಂಪನಿ (ಹೌದು, ನಮ್ಮನ್ನು ಆಳಿತಲ್ಲ, ಅದೇ) ಸಾಲದಲ್ಲಿ ಮುಳುಗಿತ್ತು. ಅದರ ಗೋದಾಮುಗಳಲ್ಲಿ ಮಾರಾಟವಾಗದ ಟೀ ರಾಶಿ ಬಿದ್ದಿತ್ತು. ಕಂಪನಿಯನ್ನು ಉಳಿಸೋಕೆ ನೇರವಾಗಿ ಅಮೆರಿಕಕ್ಕೆ ಅಗ್ಗದಲ್ಲಿ ಮಾರಲು ಬಿಟ್ಟರು. ಕೊಂಡು ಕುಡಿದರೆ ತೆರಿಗೆ ಹಾಕುವ ಹಕ್ಕನ್ನೇ ಒಪ್ಪಿದಂತೆ. ಕಳ್ಳಸಾಗಣೆಯ ಟೀ ಮಾರುತ್ತಿದ್ದವರ ಹೊಟ್ಟೆ ಮೇಲೂ ಹೊಡೆತ ಬಿತ್ತು, ಅದನ್ನೂ ಹೇಳಬೇಕು.

1774ರಲ್ಲಿ ಬ್ರಿಟನ್ ಬಾಸ್ಟನ್ ಬಂದರನ್ನೇ ಮುಚ್ಚಿತು. ಇವತ್ತು ಬಾಸ್ಟನ್, ನಾಳೆ ನಾವು ಎಂಬ ಭಯ ಉಳಿದವರಿಗೂ ಹುಟ್ಟಿತು. 13 ವಸಾಹತುಗಳಲ್ಲಿ 12 ಫಿಲಡೆಲ್ಫಿಯಾದಲ್ಲಿ ಸಭೆ ಸೇರಿದವು. ಆಗಲೂ ಕೇಳಿದ್ದು ಸ್ವಾತಂತ್ರ್ಯ ಅಲ್ಲ! 1775ರ ಏಪ್ರಿಲ್‌ನಲ್ಲಿ ಗುಂಡು ಹಾರಿದ ಮೇಲೂ, ಜುಲೈನಲ್ಲಿ ರಾಜಿ ಮಾಡಿಸಿ ಎಂದು ರಾಜನಿಗೇ ಅರ್ಜಿ ಬರೆದರು. ಮೂರನೇ ಜಾರ್ಜ್ ಅದನ್ನು ಸ್ವೀಕರಿಸಲೇ ಇಲ್ಲ, ದಂಗೆ ಎಂದು ಘೋಷಿಸಿದ. 1776ರ ಜನವರಿಯಲ್ಲಿ ಥಾಮಸ್ ಪೇನ್ ಒಂದು ಪುಟ್ಟ ಪುಸ್ತಕದಲ್ಲಿ, ರಾಜನಾದರೂ ಯಾಕೆ ಬೇಕು ಎಂದು ಕೇಳಿಬಿಟ್ಟ.

ಜುಲೈ 2ರಂದು 12 ವಸಾಹತುಗಳು ಸ್ವಾತಂತ್ರ್ಯಕ್ಕೆ ಮತ ಹಾಕಿದವು, 4ಕ್ಕೆ ಘೋಷಣೆ ಅಂಗೀಕಾರವಾಯಿತು. ನ್ಯೂಯಾರ್ಕ್ ಮಾತ್ರ ಸುಮ್ಮನೆ ಕೂತಿತ್ತು. ಅದರ ಒಪ್ಪಿಗೆ ಬಂದದ್ದು ಜುಲೈ 9ಕ್ಕೆ.