ಪಿಸ್ತೂಲು ತುಂಬುವ ಕೈ

1970ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನ್ಯೂಹಾಲ್ ಎಂಬಲ್ಲಿ ಇಬ್ಬರು ಪಾತಕಿಗಳೊಡನೆ ನಡೆದ ಗುಂಡಿನ ಕಾಳಗದಲ್ಲಿ ಹೆದ್ದಾರಿ ಪೊಲೀಸ್ ದಳದ ನಾಲ್ವರು ತರುಣರು ಮಡಿದರು. ಅವರಲ್ಲೊಬ್ಬನು ಬರಿದಾದ ರಿವಾಲ್ವರಿಗೆ ಒಂದೊಂದಾಗಿ ತೋಟಾಗಳನ್ನು ತುಂಬುತ್ತಿದ್ದಾಗಲೇ ಶತ್ರುವಿನ ಗುಂಡಿಗೆ ಬಲಿಯಾದನು. ಗುರಿಯಿಡುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಮರುತುಂಬುವುದನ್ನೂ ಕಲಿಸಬೇಕೆಂಬುದು ಆ ದುರಂತದ ಪಾಠಗಳಲ್ಲೊಂದು.

ತೋಟಾ ತುಂಬುವಾಗ ಕೈ ತಡಮಾಡುವುದೇಕೆ? ನಾವೇ ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡೋಣ. ಕಾಗದದ ಮೇಲೆ ಒಂದು ಗೇಣು ಅಂತರದಲ್ಲಿ ಎರಡು ದೊಡ್ಡ ವೃತ್ತಗಳನ್ನು ಬರೆದು, ಪೆನ್ಸಿಲಿನ ಮೊನೆಯಿಂದ ಒಂದಾದ ಮೇಲೊಂದನ್ನು ಇಪ್ಪತ್ತು ಸಲ ಮುಟ್ಟಿ, ಹಿಡಿದ ಕಾಲವನ್ನು ಗುರುತಿಸೋಣ. ಬಳಿಕ ಅಷ್ಟೇ ಅಂತರದಲ್ಲಿ ಕಡಲೆ ಕಾಳಿನಷ್ಟು ಚಿಕ್ಕ ವೃತ್ತಗಳನ್ನು ಬರೆದು ಹಾಗೆಯೇ ಮಾಡೋಣ. ಈ ಸಲ ಹೆಚ್ಚು ಕಾಲ ಬೇಕಾಗುತ್ತದೆ. ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಇದನ್ನು ಅಳೆದು ಒಂದು ನಿಯಮವನ್ನು ರೂಪಿಸಿದರು. ಅದರಂತೆ, ದೂರವು ಎರಡರಷ್ಟಾದರೂ ಗುರಿಯ ಅಗಲ ಅರ್ಧಕ್ಕಿಳಿದರೂ ಕಾಲದಲ್ಲಿ ಆಗುವ ಹೆಚ್ಚಳ ಒಂದೇ.

ರಿವಾಲ್ವರಿನ ಉರುಳೆಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲದ ಆರು ರಂಧ್ರಗಳಿರುತ್ತವೆ. ಒಂದೊಂದನ್ನೇ ತುಂಬುವ ಕೈ ಆರು ಸಲ ಕಿರಿದಾದ ಗುರಿಯನ್ನು ಅರಸಬೇಕು. ಆರು ತೋಟಾಗಳನ್ನೂ ಒಂದೇ ಬಾರಿಗೆ ಇಳಿಸುವ ‘ಸ್ಪೀಡ್‌ಲೋಡರ್’ ಎಂಬ ಸಾಧನವು ಈ ಆರು ಅರಸಾಟಗಳನ್ನು ಒಂದಕ್ಕೆ ಇಳಿಸುತ್ತದೆ.

ಇಂದಿನ ಪಿಸ್ತೂಲುಗಳಲ್ಲಿ ತೋಟಾಗಳು ಮ್ಯಾಗಜಿನ್ ಎಂಬ ಪೆಟ್ಟಿಗೆಯಲ್ಲಿ ಸಾಲಾಗಿ ಕುಳಿತಿರುತ್ತವೆ. ಅದನ್ನು ಹಿಡಿಯ ತಳದ ಬಾಯೊಳಗೆ ತಳ್ಳಬೇಕು. ಇಲ್ಲಿಯೂ ಶಿಕ್ಷಕರು ಹೇಳಿಕೊಡುವ ಕ್ರಮವು ಅದೇ ನಿಯಮಕ್ಕೆ ಒಪ್ಪುತ್ತದೆ. ಮೊಣಕೈಯನ್ನು ಪಕ್ಕೆಗೆ ಸೆಳೆದು ಪಿಸ್ತೂಲನ್ನು ಮುಖದ ಹತ್ತಿರ ತಂದರೆ ಕೈ ಹೋಗಬೇಕಾದ ದೂರ ತಗ್ಗುತ್ತದೆ. ತೋರುಬೆರಳನ್ನು ಮ್ಯಾಗಜಿನ್ನಿನ ಮುಂದಂಚಿನ ಮೇಲಿಟ್ಟರೆ ಬೆರಳೇ ದಾರಿ ತೋರುತ್ತದೆ. ಕೈ ಬಾಯಿಯವರೆಗೆ ವೇಗವಾಗಿ ಸಾಗಿ, ಅಲ್ಲಿ ಕ್ಷಣಮಾತ್ರ ನಿಧಾನಿಸಿ, ಬಳಿಕ ದೃಢವಾಗಿ ಒತ್ತಬೇಕು. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಈ ಬಾಯಿಗೆ ಆಲಿಕೆಯಂಥ ಅಂಚನ್ನು ಜೋಡಿಸುವುದೂ ಇದೇ ಕಾರಣದಿಂದ.

ಆದರೆ ಕ್ರಮವನ್ನು ತಿಳಿದಮಾತ್ರಕ್ಕೆ ಕೈ ಕಲಿತಂತಾಗದು. ಕುಶಲಕಾರ್ಯದ ಕಲಿಕೆಗೆ ಮೂರು ಹಂತಗಳುಂಟೆಂದು ಫಿಟ್ಸ್ ಮತ್ತು ಮೈಕೇಲ್ ಪೋಸ್ನರ್ ಅವರ 1967ರ ಗ್ರಂಥವು ವಿವರಿಸಿತು. ಮೊದಲು ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡುತ್ತೇವೆ. ಬಳಿಕ ಹೆಜ್ಜೆಗಳು ಕೂಡಿಕೊಂಡು ತಪ್ಪುಗಳು ತಗ್ಗುತ್ತವೆ. ಕೊನೆಗೆ ಯೋಚನೆಯ ಹಂಗಿಲ್ಲದೆ ಕೆಲಸ ಸಾಗುತ್ತದೆ. ಭಯದಲ್ಲಿ ನೆರವಾಗುವುದು ಈ ಮೂರನೆಯ ಹಂತ. ಅವಸರದ ಅಭ್ಯಾಸದಲ್ಲಿ ತಪ್ಪೂ ಹಾಗೆಯೇ ಬೇರೂರೀತು. ಆದುದರಿಂದ ಶಿಕ್ಷಕರು ಮದ್ದಿಲ್ಲದ ಹುಸಿ ತೋಟಾಗಳಿಂದ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ಹೊರಗಿರಿಸಿ, ಮೊದಲು ನಿಧಾನವಾಗಿಯೇ ಅಭ್ಯಾಸ ಮಾಡಿಸುತ್ತಾರೆ. ವೇಗವು ಅನಂತರ ತಾನಾಗಿ ಬರುತ್ತದೆ.

ವೀಣೆಯ ತಂತಿಯನ್ನು ಮೀಟುವ ಬೆರಳಿಗೂ ಶಸ್ತ್ರವೈದ್ಯನ ಕೈಗೂ ಈ ಮಾತು ಸಲ್ಲುತ್ತದೆ. ಸಂಕಟದ ಗಳಿಗೆಯಲ್ಲಿ ನಾವು ಹೊಸತನ್ನು ಕಲಿಯಲಾರೆವು. ಶಾಂತವಾಗಿದ್ದಾಗ ಕೈಗೆ ಕಲಿಸಿದ್ದೇ ಆಗ ನಮ್ಮ ಪಾಲಿಗೆ ಒದಗುತ್ತದೆ.