ಬಂಡೀಪುರದ ಕಾಡಿಗೆ ಅರಣ್ಯ ಸಿಬ್ಬಂದಿಯೇ ಬೆಂಕಿ ಇಡ್ತಾರಾ?

‘ಅರಣ್ಯ ಇಲಾಖೆಯವರೇ ಕಾಡಿಗೆ ಬೆಂಕಿ ಇಡ್ತಿದ್ದಾರೆ, ಎಲ್ಲರಿಗೂ ಶೇರ್ ಮಾಡಿ’ ಎಂಬ ವಿಡಿಯೋ ನಿಮಗೂ ಬಂದಿರಬಹುದು. ದೃಶ್ಯ ನಿಜವೇ ಇರಬಹುದು, ಅರ್ಥ ಮಾತ್ರ ಉಲ್ಟಾ.

ಅದು ಬೆಂಕಿ ರೇಖೆ. ಬೇಸಿಗೆಗೆ ಮುಂಚೆಯೇ ರಸ್ತೆ ಮತ್ತು ಕಾಡಿನ ಗಡಿಯುದ್ದಕ್ಕೂ ಹುಲ್ಲು, ಪೊದೆ ಕತ್ತರಿಸಿ, ಒಣಗಿಸಿ, ಕಾವಲಿದ್ದು ಸುಡುತ್ತಾರೆ. ಮುಂದೆ ಕಾಳ್ಗಿಚ್ಚು ಬಂದಾಗ ಆ ಬೋಳು ಪಟ್ಟಿಯಲ್ಲಿ ಉರಿಯಲು ಏನೂ ಸಿಗದೆ ಅಲ್ಲೇ ನಿಲ್ಲಲಿ ಅಂತ. ಗಾಳಿ ಜೋರಾದರೆ ಕಿಡಿ ಹಾರಿ ಆಚೆ ದಾಟುವುದೂ ಉಂಟು.

ಬಂಡೀಪುರದಲ್ಲಿ ಲಂಟಾನ ಬೇರೆ ದಟ್ಟವಾಗಿ ಹಬ್ಬಿದೆ. ಒಣಗಿದ ಲಂಟಾನ ನೆಲದ ಬೆಂಕಿಯನ್ನು ಏಣಿಯಂತೆ ಮರದ ಕೊಂಬೆಗೆ ಹತ್ತಿಸುತ್ತದೆ. 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ನೆಲದ ಮೇಲೆ ಸಿಬ್ಬಂದಿಯ ಕೈಯಲ್ಲಿದ್ದ ಮುಖ್ಯ ಆಯುಧ ಹಸಿ ಸೊಪ್ಪಿನ ಕೊಂಬೆ! ಆಗಲೂ ಬೇರೆಲ್ಲೋ ಸತ್ತ ಪ್ರಾಣಿಗಳ ಫೋಟೋಗಳು ಬಂಡೀಪುರದ್ದೆಂದು ಹರಿದಾಡಿದ್ದವು.

ಇನ್ನು ‘ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತೆ’ ಎಂಬ ಮಾತು. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯರಿಂದಲೇ ಆಗುವಂಥವು: ಬೀಡಿ ತುಂಡು, ಹೊಸ ಹುಲ್ಲಿನ ಆಸೆಗೆ ಇಟ್ಟ ಕಿಚ್ಚು, ಕೆಲವೊಮ್ಮೆ ಹಗೆತನ. ಬಿದಿರಿನ ಮೇಲೆ ಹಾಕಿದರೆ ಯಾರನ್ನೂ ಹುಡುಕಬೇಕಿಲ್ಲ ನೋಡಿ.

ರಸ್ತೆಯಂಚಿನ ಪಟ್ಟಿಯಲ್ಲಿ, ಸಿಬ್ಬಂದಿ ನಿಂತು ಸುಡುತ್ತಿದ್ದರೆ ಅದು ಬೆಂಕಿ ರೇಖೆ. ಕಾಡಿನೊಳಗೆ, ಯಾರೂ ಇಲ್ಲದ ಕಡೆ ಹೊಗೆ ಕಂಡರೆ ವಿಡಿಯೋ ಆಮೇಲೆ ಮಾಡಿ; ಮೊದಲು ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.